ಉಯಿಲನ್ನು ಬರೆಯುವುದು, ಬರೆದುದನ್ನು ಮರಳಿ ಓದುವುದು

ಗೃಹಸ್ಥನು ವರ್ಷಕ್ಕೊಮ್ಮೆ ತನ್ನ ಮನೆಗೆ ಸುಣ್ಣ ಬಳಿಸುತ್ತಾನೆ. ಮಳೆಗಾಲಕ್ಕೆ ಮುಂಚೆ ಮಾಡಿನ ಹೆಂಚುಗಳನ್ನು ಕೈಯಾಡಿಸಿ, ಒಡೆದುದನ್ನು ತೆಗೆದು ಹೊಸದನ್ನು ಹೊದಿಸುತ್ತಾನೆ. ಯುಗಾದಿಯ ದಿನ ಪಂಚಾಂಗಶ್ರವಣ ಮಾಡಿ ತನ್ನ ರಾಶಿಗೆ ಆಯವೆಷ್ಟು, ವ್ಯಯವೆಷ್ಟು ಎಂಬುದನ್ನು ಶ್ರದ್ಧೆಯಿಂದ ಕೇಳುತ್ತಾನೆ. ಇಷ್ಟು ಜಾಗರೂಕನಾದವನೂ ತನ್ನ ಆಸ್ತಿಪಾಸ್ತಿಗಳು ತನ್ನ ಅನಂತರ ಯಾರಿಗೆ, ಹೇಗೆ ಸೇರಬೇಕೆಂಬ ವಿಷಯದಲ್ಲಿ ಮಾತ್ರ ಅಲಕ್ಷ್ಯವನ್ನು ತೋರಿಸುವುದುಂಟು. ಈ ಅಲಕ್ಷ್ಯವು ಎರಡು ಬಗೆಯದು. ಕೆಲವರು ಉಯಿಲನ್ನು ಬರೆಯುವುದೇ ಇಲ್ಲ. ಬರೆದರೆ ಆಯುಸ್ಸು ಕುಂದೀತೆಂಬ ಶಂಕೆ ಅವರಿಗೆ. ಮತ್ತೆ ಕೆಲವರು ಒಮ್ಮೆ ಬರೆದು, ನೋಂದಣಿ ಮಾಡಿಸಿ, ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕರ್ತವ್ಯ ಮುಗಿಯಿತೆಂದು ನಿಶ್ಚಿಂತರಾಗುತ್ತಾರೆ. ಮೊದಲನೆಯವರ ದೋಷವು ಎಲ್ಲರಿಗೂ ಕಾಣತಕ್ಕದ್ದು. ಎರಡನೆಯವರ ದೋಷವು ಅವರು ಬದುಕಿರುವವರೆಗೆ ಯಾರಿಗೂ ಕಾಣದು. ಆದಕಾರಣ ಅದರಿಂದಾಗುವ ಕೇಡು ಒಮ್ಮೊಮ್ಮೆ ಮೊದಲನೆಯದಕ್ಕಿಂತ ಹೆಚ್ಚು. ಪತ್ರವು ಬರೆದ ದಿನ ಹೇಗಿತ್ತೋ ಹಾಗೆಯೇ ಇರುತ್ತದೆ. ಸಂಸಾರವಾದರೋ ದಿನದಿನವೂ ಬದಲಾಗುತ್ತಿರುತ್ತದೆ. ಈ ಎರಡನ್ನೂ ಆಗಾಗ ಹೊಂದಿಸಿಕೊಳ್ಳುತ್ತಿರಬೇಕೆಂಬುದೇ ಈ ಲೇಖನದ ತಾತ್ಪರ್ಯ.

ಒಂದು ಮನೆಯ ಸಂಗತಿ

ನಾನು ಹತ್ತಿರದಿಂದ ಕಂಡ ಒಂದು ಸಂಗತಿಯನ್ನು ಮೊದಲು ಹೇಳುತ್ತೇನೆ, ಹೆಸರುಗಳು ಬೇಡ. ಗೃಹಸ್ಥರೊಬ್ಬರು ಸ್ವಂತ ದುಡಿಮೆಯಿಂದ ಒಂದು ಮನೆ, ಒಂದು ಖಾಲಿ ನಿವೇಶನ, ಎರಡು ಎಕರೆ ಅಡಕೆಯ ತೋಟ ಇಷ್ಟನ್ನು ಸಂಪಾದಿಸಿದ್ದರು. ೧೯೯೬ರಲ್ಲಿ ಉಯಿಲು ಬರೆಸಿ ನೋಂದಣಿ ಮಾಡಿಸಿದರು. ಮನೆಯು ಧರ್ಮಪತ್ನಿಗೆ, ತೋಟವು ಹಿರಿಯ ಮಗನಿಗೆ, ನಿವೇಶನವು ಕಿರಿಯ ಮಗನಿಗೆ ಎಂದು ಅದರಲ್ಲಿ ಬರೆದಿತ್ತು. ಮಗಳಿಗೆ ಮದುವೆಯಲ್ಲಿ ಒಡವೆ ಕೊಟ್ಟಾಗಿದೆ, ಅವಳು ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ ಎಂದು ಅವಳಿಗೆ ಬೇರೆ ಏನನ್ನೂ ಬರೆದಿರಲಿಲ್ಲ. ಆ ದಿನದ ಮಟ್ಟಿಗೆ ಅದು ವಿವೇಕದ ಪತ್ರವೇ ಆಗಿದ್ದಿತು.

೨೦೦೩ರಲ್ಲಿ ಪತ್ನಿಯ ಚಿಕಿತ್ಸೆಗಾಗಿ ಅವರು ನಿವೇಶನವನ್ನು ಮಾರಿದರು. ಮರುವರ್ಷ ಆಕೆ ತೀರಿಕೊಂಡರು. ೨೦೧೧ರಲ್ಲಿ ಮಗಳು ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ಅಲ್ಲಿಂದ ಎಂಟು ವರ್ಷ ತಂದೆಯ ಊಟ, ಔಷಧಿ, ರಾತ್ರಿಯ ಎಚ್ಚರ ಎಲ್ಲವೂ ಅವಳದೇ. “ಈ ಮನೆ ನಿನಗೇ ಇರಲಮ್ಮಾ” ಎಂದು ಅವರು ನೆರೆಹೊರೆಯವರ ಎದುರಿನಲ್ಲಿಯೇ ಹಲವು ಬಾರಿ ಹೇಳಿದ್ದುಂಟು. ನಿವೃತ್ತಿಯ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು, ಹಿರಿಯ ಮಗನ ಹೆಸರನ್ನು ನಾಮನಿರ್ದೇಶನ ಮಾಡಿದ್ದರು. ೨೦೧೯ರಲ್ಲಿ ಅವರು ಕಾಲವಾದರು. ಉತ್ತರಕ್ರಿಯೆಗಳು ಮುಗಿದ ಮೇಲೆ ಪೆಟ್ಟಿಗೆಯಿಂದ ಉಯಿಲನ್ನು ತೆಗೆದರು. ಅದನ್ನು ಎಲ್ಲರ ಮುಂದೆ ಓದಿ ಹೇಳುವ ಭಾರವು ಹಳೆಯ ಮೇಷ್ಟರೆಂದು ನನ್ನ ಮೇಲೆ ಬಿದ್ದಿತು.

ಪತ್ರದಲ್ಲಿ ಸಹಿ ಸರಿಯಾಗಿತ್ತು, ಸಾಕ್ಷಿಗಳು ಸರಿಯಾಗಿದ್ದರು, ಮೊಹರು ಸರಿಯಾಗಿತ್ತು. ಆದರೆ ಮನೆಯನ್ನು ಪಡೆಯಬೇಕಾದ ಪತ್ನಿ ಇರಲಿಲ್ಲ. ಕಿರಿಯ ಮಗನಿಗೆ ಬರಬೇಕಾದ ನಿವೇಶನವು ಇರಲಿಲ್ಲ. ಇದ್ದ ಮಗಳ ಹೆಸರು ಪತ್ರದಲ್ಲಿರಲಿಲ್ಲ. ಮನೆಯಲ್ಲಿಯೂ ಠೇವಣಿಯಲ್ಲಿಯೂ ಮೂವರಿಗೂ ಸಮಭಾಗವೆಂದು ವಕೀಲರು ಹೇಳಿದರು. ಹಿರಿಯವನಿಗೆ ತೋಟವು ಹೆಚ್ಚಾಗಿ ದೊರೆಯಿತು. ಕಿರಿಯವನು ಸಾಲದಲ್ಲಿದ್ದನು; ತನ್ನ ಮೂರನೆಯ ಒಂದು ಭಾಗವನ್ನು ಹಣವಾಗಿ ಕೊಡಿರೆಂದನು. ಅಣ್ಣತಮ್ಮಂದಿರು ದುಷ್ಟರಲ್ಲ, ಕೇಳಿದ್ದೆಲ್ಲವೂ ನ್ಯಾಯವಾಗಿಯೇ ಇತ್ತು. ಕೊನೆಗೆ ಮನೆಯನ್ನು ಮಾರಿದರು. ಎಂಟು ವರ್ಷ ತಂದೆಯನ್ನು ನೋಡಿಕೊಂಡವಳು ಬಾಡಿಗೆಯ ಎರಡು ಕೋಣೆಗಳಿಗೆ ಹೋದಳು. ೧೯೯೬ರಿಂದ ೨೦೧೯ರವರೆಗಿನ ಇಪ್ಪತ್ತಮೂರು ವರ್ಷಗಳಲ್ಲಿ ಯಾವುದಾದರೂ ಒಂದು ದಿನ ಆ ಹಿರಿಯರು ಪೆಟ್ಟಿಗೆಯನ್ನು ತೆರೆದು ತಮ್ಮ ಪತ್ರವನ್ನು ತಾವೇ ಓದಿಕೊಂಡಿದ್ದರೆ ಇದು ಹೀಗಾಗುತ್ತಿರಲಿಲ್ಲ.

ಹೀಗೇಕಾಯಿತೆಂಬುದನ್ನು ತಿಳಿಯಬೇಕಾದರೆ ನಮ್ಮ ದೇಶದ ದಾಯಕ್ರಮವನ್ನು ಸ್ವಲ್ಪ ವಿಚಾರಿಸಬೇಕು.

ಶಾಸ್ತ್ರದಲ್ಲಿ ಉಯಿಲು ಉಂಟೆ?

‘ಉಯಿಲು’ ಎಂಬುದು ಇಂಗ್ಲಿಷಿನಿಂದ ಬಂದ ಮಾತು. ಉತ್ತರದ ಜಿಲ್ಲೆಗಳಲ್ಲಿ ‘ಮೃತ್ಯುಪತ್ರ’ವೆನ್ನುತ್ತಾರೆ, ‘ಮರಣಶಾಸನ’ವೆಂಬ ಹೆಸರೂ ಉಂಟು. ಇವು ಸಂಸ್ಕೃತ ಶಬ್ದಗಳಾದರೂ ಇವುಗಳ ಅರ್ಥವು ಪ್ರಾಚೀನ ಧರ್ಮಶಾಸ್ತ್ರದ್ದಲ್ಲ. ನಮ್ಮ ಕರ್ನಾಟಕದ ಕಲ್ಯಾಣದಲ್ಲಿ, ಎಂದರೆ ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಬಂಗಾಳ ಅಸ್ಸಾಮಗಳನ್ನು ಬಿಟ್ಟು ಭಾರತದ ಬಹುಭಾಗದಲ್ಲಿ ಇದೇ ದಾಯವಿಷಯಕ್ಕೆ ಪ್ರಮಾಣವಾಯಿತು. ಅವನ ಮತದಲ್ಲಿ ಪಿತ್ರಾರ್ಜಿತವಾದ ಆಸ್ತಿಯು ಮಗನಿಗೆ ಹುಟ್ಟಿನಿಂದಲೇ ಬರತಕ್ಕದ್ದು. ಅದಕ್ಕೆ ‘ಅಪ್ರತಿಬಂಧ ದಾಯ’ವೆಂದು ಹೆಸರು. ಬಂಗಾಳದ ಜೀಮೂತವಾಹನನ ‘ದಾಯಭಾಗ’ದ ಮತದಲ್ಲಿಯಾದರೋ ತಂದೆಯು ಸತ್ತಮೇಲೆಯೇ ಮಗನ ಹಕ್ಕು ಹುಟ್ಟುವುದು. ಮಗನು ಹುಟ್ಟಿದಾಗಲೇ ಅವನ ಪಾಲೂ ಹುಟ್ಟಿದುದಾದರೆ, ಆ ಪಾಲನ್ನು ತಂದೆಯು ಮರಣಾನಂತರಕ್ಕೆಂದು ಬೇರೆಯವರಿಗೆ ಬರೆದುಕೊಡುವ ಪ್ರಶ್ನೆಯೇ ಏಳುವುದಿಲ್ಲ. ಉಯಿಲು ನಮ್ಮಲ್ಲಿ ಪ್ರಾಚೀನ ಕಾಲದಲ್ಲಿ ಬೆಳೆಯದೆ ಹೋದುದಕ್ಕೆ ಇದು ಮುಖ್ಯವಾದ ಕಾರಣ.

ಆಂಗ್ಲರ ಕಾಲದಲ್ಲಿ ೧೮೭೦ರಲ್ಲಿ ಹಿಂದೂಗಳ ಉಯಿಲುಗಳಿಗೆಂದು ಒಂದು ಕಾಯಿದೆಯಾಯಿತು. ಅನಂತರ ೧೯೨೫ರ ಭಾರತೀಯ ಉತ್ತರಾಧಿಕಾರ ಕಾಯಿದೆಯು ಬಂದಿತು. ೧೯೨೭ರ ಜನವರಿ ೧ರಿಂದ ಈಚೆಗೆ ಹಿಂದೂಗಳು ಬರೆಯುವ ಎಲ್ಲ ಉಯಿಲುಗಳಿಗೂ ಇದೇ ಆಧಾರ. ‘ದಾಯಾದ’ನೆಂದರೆ ದಾಯವನ್ನು ಪಡೆಯುವವನೆಂದಷ್ಟೇ ಮೂಲಾರ್ಥ. ನಮ್ಮ ಆಡುನುಡಿಯಲ್ಲಿ ದಾಯಾದಿಯೆಂದರೆ ಹಗೆ ಸಾಧಿಸುವವನೆಂಬ ಅರ್ಥ ಬಂದಿರುವುದನ್ನು ನೋಡಿದರೆ, ಈ ವಿಷಯದಲ್ಲಿ ನಮ್ಮ ಜನರ ಅನುಭವವು ಎಷ್ಟು ಕಹಿಯಾದುದೆಂಬುದು ತಿಳಿಯುತ್ತದೆ.

ಉಯಿಲು ಇಲ್ಲದಿದ್ದರೆ

ಹಿಂದೂ ಗೃಹಸ್ಥನು ಉಯಿಲು ಬರೆಯದೆ ತೀರಿಕೊಂಡರೆ ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಅವನಿಗೆ ಬದಲಾಗಿ ಹಂಚಿಕೆಯನ್ನು ಮಾಡುತ್ತದೆ. ಅವನ ವಿಧವೆ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಇವರು ಮೊದಲನೆಯ ವರ್ಗದ ವಾರಸುದಾರರಲ್ಲಿ ಸೇರಿ ಸಮಭಾಗವನ್ನು ಪಡೆಯುತ್ತಾರೆ. ಮೊದಲೇ ತೀರಿಹೋದ ಮಗ ಅಥವಾ ಮಗಳ ಭಾಗವು ಅವರ ಕುಟುಂಬಕ್ಕೆ ಸಲ್ಲುತ್ತದೆ. ತಂದೆಯು ಈ ವರ್ಗದಲ್ಲಿಲ್ಲ. ಅವನು ಎರಡನೆಯ ವರ್ಗದವನು. ಮುಪ್ಪಿನ ತಂದೆಯನ್ನು ಸಾಕುತ್ತಿರುವ ಮಗನು ಇದನ್ನು ಮರೆಯಬಾರದು. ಕಾಯಿದೆಯು ಲೆಕ್ಕವನ್ನು ಮಾತ್ರ ನೋಡುತ್ತದೆ. ಯಾರು ಸೇವೆ ಮಾಡಿದರು, ಯಾರಿಗೆ ಅಗತ್ಯವಿದೆ, ಯಾರಿಗೆ ಆಗಲೇ ಕೊಟ್ಟಾಗಿದೆ ಎಂಬುದನ್ನು ಅದು ಬಲ್ಲುದಲ್ಲ. ಅದನ್ನು ಬಲ್ಲವನು ಮನೆಯ ಯಜಮಾನನೊಬ್ಬನೇ.

ಗೃಹಿಣಿಯರು ಇಲ್ಲಿ ವಿಶೇಷವಾಗಿ ಗಮನಿಸತಕ್ಕ ಒಂದು ಅಂಶವಿದೆ. ಸ್ತ್ರೀಯು ಉಯಿಲಿಲ್ಲದೆ ತೀರಿಕೊಂಡರೆ ಅವಳ ಆಸ್ತಿಯು ಮೊದಲು ಮಕ್ಕಳಿಗೂ ಗಂಡನಿಗೂ ಸೇರುತ್ತದೆ. ಇವರಾರೂ ಇಲ್ಲದಿದ್ದರೆ ಅದು ಗಂಡನ ವಾರಸುದಾರರಿಗೆ ಹೋಗುತ್ತದೆ. ಅವರ ಅನಂತರವೇ ಅವಳ ಸ್ವಂತ ತಾಯಿತಂದೆಗಳ ಸರದಿ. ತಾಯಿತಂದೆಗಳಿಂದ ದಾಯವಾಗಿ ಬಂದ ಆಸ್ತಿಯು ಮಾತ್ರ ತಂದೆಯ ವಾರಸುದಾರರಿಗೆ ಹಿಂದಿರುಗುವುದು. ಮಕ್ಕಳಿಲ್ಲದ ವಿಧವೆಯಾದ ಉಪಾಧ್ಯಾಯಿನಿಯೊಬ್ಬಳು ತನ್ನ ಸಂಬಳದಿಂದಲೇ ಮನೆ ಕಟ್ಟಿಸಿ, ತನ್ನ ತಾಯಿಯನ್ನು ಜೊತೆಯಲ್ಲಿಟ್ಟುಕೊಂಡು ಸಾಕುತ್ತಿದ್ದಾಳೆಂದು ಇಟ್ಟುಕೊಳ್ಳೋಣ. ಅವಳು ಉಯಿಲು ಬರೆಯದೆ ಹೋದರೆ ಆ ಮನೆಯು ಅವಳನ್ನು ಎಂದೂ ವಿಚಾರಿಸದ ಮೈದುನನಿಗೆ ಸೇರಬಹುದು, ತಾಯಿಗೆ ಸೇರದಿರಬಹುದು. ಆಸ್ತಿಯ ಚಿಂತೆ ಗಂಡಸರಿಗೆ ಸೇರಿದುದೆಂದು ಸುಮ್ಮನಿರುವ ಸೋದರಿಯರು ಈ ಒಂದು ಉದಾಹರಣೆಯನ್ನು ಮನಸ್ಸಿನಲ್ಲಿಡಬೇಕು.

ಇತರ ಮತಸ್ಥರಿಗೆ ಬೇರೆ ಕ್ರಮಗಳುಂಟು. ಮುಸಲ್ಮಾನರಲ್ಲಿ ಸಾಲವನ್ನೂ ಉತ್ತರಕ್ರಿಯೆಯ ವೆಚ್ಚವನ್ನೂ ಕಳೆದು ಉಳಿದುದರಲ್ಲಿ ಮೂರನೆಯ ಒಂದು ಭಾಗದವರೆಗೆ ಮಾತ್ರ ಉಯಿಲು ಸಲ್ಲುತ್ತದೆ. ಅದಕ್ಕೆ ಮೀರಿದರೆ ವಾರಸುದಾರರ ಒಪ್ಪಿಗೆ ಬೇಕು. ಕ್ರೈಸ್ತರಲ್ಲಿಯೂ ಪಾರಸಿಗಳಲ್ಲಿಯೂ ಉಯಿಲು ಬರೆದವನು ಅನಂತರ ಮದುವೆಯಾದರೆ ಆ ಉಯಿಲು ತಾನಾಗಿಯೇ ರದ್ದಾಗುತ್ತದೆ. ಹಿಂದೂಗಳಲ್ಲಿ ಹಾಗಿಲ್ಲ. ಮದುವೆಗೆ ಮುಂಚೆ ತಮ್ಮನ ಹೆಸರಿಗೆ ಬರೆದ ಉಯಿಲು ಮದುವೆಯಾದ ಮೇಲೂ ಊರ್ಜಿತವಾಗಿ ನಿಂತು, ಹೆಂಡತಿ ಮಕ್ಕಳನ್ನು ಹೊರಗಿಡಬಲ್ಲುದು.

ಯಾವುದನ್ನು ಬರೆಯುವ ಅಧಿಕಾರ ನಮಗಿದೆ?

ಸ್ವಯಾರ್ಜಿತವನ್ನು ಯಾರಿಗೆ ಬೇಕಾದರೂ ಬರೆಯಬಹುದು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿಯಾದರೋ ತನ್ನ ಪಾಲನ್ನಷ್ಟೇ ಬರೆಯಬಹುದು. ೧೯೫೬ಕ್ಕೆ ಮುಂಚೆ ಅದಕ್ಕೂ ಅವಕಾಶವಿರಲಿಲ್ಲ. ಇಲ್ಲಿ ಜನರಲ್ಲಿರುವ ಒಂದು ತಪ್ಪು ತಿಳುವಳಿಕೆಯನ್ನು ಹೇಳಬೇಕು. ತಂದೆಯಿಂದ ಬಂದುದೆಲ್ಲವೂ ಪಿತ್ರಾರ್ಜಿತವೆಂದು ಅನೇಕರು ಭಾವಿಸುತ್ತಾರೆ. ತಂದೆಯ ಸ್ವಯಾರ್ಜಿತವು ೧೯೫೬ರ ಕಾಯಿದೆಯಂತೆ ಮಗನಿಗೆ ಬಂದರೆ ಅದು ಮಗನ ಸ್ವಂತ ಆಸ್ತಿಯೆಂದೂ, ಅದರಲ್ಲಿ ಮೊಮ್ಮಗನಿಗೆ ಹುಟ್ಟಿನಿಂದ ಹಕ್ಕಿಲ್ಲವೆಂದೂ ೧೯೮೬ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿದೆ.

ಹೆಣ್ಣುಮಕ್ಕಳ ಹಕ್ಕು ನಮ್ಮ ನಾಡಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿಬಂದಿದೆ. ಮೈಸೂರು ಸಂಸ್ಥಾನವು ೧೯೩೩ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿ, ಕುಟುಂಬದ ಪಾಲಾಗುವಾಗ ಸ್ತ್ರೀಯರಿಗೂ ಭಾಗ ದೊರೆಯುವಂತೆ ಮಾಡಿತು. ೧೯೫೬ರ ಕಾಯಿದೆಯು ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೆ ಮಗನೊಡನೆ ಸಮಭಾಗವನ್ನು ಕೊಟ್ಟಿತು. ೧೯೯೪ರ ಜುಲೈ ೩೦ರಂದು ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯು ಪಿತ್ರಾರ್ಜಿತದಲ್ಲಿಯೂ ಮಗಳಿಗೆ ಹುಟ್ಟಿನ ಹಕ್ಕನ್ನು ಕೊಟ್ಟಿತು. ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. ೨೦೦೫ರ ಸೆಪ್ಟೆಂಬರ್ ೯ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಮದುವೆಯಾದವರು ಆಗದವರು ಎಂಬ ಭೇದವನ್ನು ತೆಗೆದುಹಾಕಿತು. ಆ ದಿನ ತಂದೆಯು ಬದುಕಿರಲೇಬೇಕೆಂಬ ನಿಯಮವಿಲ್ಲವೆಂದು ೨೦೨೦ರ ಆಗಸ್ಟ್ ೧೧ರಂದು ಸರ್ವೋಚ್ಚ ನ್ಯಾಯಾಲಯವು ಹೇಳಿತು. ೨೦೦೪ರ ಡಿಸೆಂಬರ್ ೨೦ಕ್ಕೆ ಮುಂಚೆ ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಆಜ್ಞೆಯಿಂದಲೋ ಪಾಲಾಗಿ ಹೋಗಿದ್ದರೆ ಅದು ಕದಲುವುದಿಲ್ಲ.

ಇದರಿಂದ ಫಲಿತಾರ್ಥವೇನು? ೧೯೮೦ರಲ್ಲಿಯೋ ೧೯೯೦ರಲ್ಲಿಯೋ ಬರೆದ ಉಯಿಲಿನಲ್ಲಿ ‘ಪಿತ್ರಾರ್ಜಿತವಾದ ಜಮೀನು ಗಂಡುಮಕ್ಕಳಿಬ್ಬರಿಗೂ ಅರ್ಧರ್ಧ’ ಎಂದು ಬರೆದಿದ್ದರೆ, ಮಗಳಿಗೆ ಸ್ವತಃ ಸೇರಿದ ಪಾಲು ಆ ಬರಹಕ್ಕೆ ಒಳಪಡುವುದಿಲ್ಲ. ಬರೆದವನು ಒಂದಕ್ಷರವನ್ನೂ ತಿದ್ದದಿದ್ದರೂ ಕಾಯಿದೆಯು ಬದಲಾಗಿ ಅವನ ಉಯಿಲಿನ ಅರ್ಥವೇ ಬದಲಾಗಿದೆ. ಇಂತಹ ಪತ್ರಗಳು ಇನ್ನೂ ಎಷ್ಟೋ ಮನೆಗಳ ಪೆಟ್ಟಿಗೆಗಳಲ್ಲಿವೆ. ಸರ್ಕಾರದಿಂದ ಮಂಜೂರಾದ ಜಮೀನುಗಳಿಗೆ ಬೇರೆ ಷರತ್ತುಗಳಿರುತ್ತವೆ; ಮಂಜೂರಾತಿಯ ಪತ್ರವನ್ನು ಓದದೆ ಅಂತಹ ಭೂಮಿಯನ್ನು ಉಯಿಲಿನಲ್ಲಿ ಸೇರಿಸಬಾರದು.

ಬರೆಯುವ ಕ್ರಮ

ಉಯಿಲಿಗೆ ಛಾಪಾಕಾಗದವು ಬೇಕಿಲ್ಲ. ಬಿಳಿಯ ಕಾಗದವು ಸಾಕು. ಕನ್ನಡದಲ್ಲಿಯೇ ಸ್ವಹಸ್ತದಿಂದ ಬರೆಯಬಹುದು. ಬರೆಯುವವನು ಪ್ರಾಪ್ತವಯಸ್ಕನೂ ಸ್ವಸ್ಥಚಿತ್ತನೂ ಆಗಿರಬೇಕು; ಯಾರ ಬಲಾತ್ಕಾರಕ್ಕೂ ವಂಚನೆಗೂ ಒಳಗಾಗಿರಬಾರದು. ಅವನು ಸಹಿ ಮಾಡಬೇಕು, ಇಲ್ಲವೆ ಹೆಬ್ಬೆಟ್ಟಿನ ಗುರುತು ಹಾಕಬೇಕು. ಇಬ್ಬರು ಸಾಕ್ಷಿಗಳು ಅವನು ಸಹಿ ಮಾಡಿದುದನ್ನು ಕಂಡು, ಅಥವಾ ‘ಇದು ನನ್ನ ಸಹಿ’ ಎಂದು ಅವನು ಒಪ್ಪಿದುದನ್ನು ಕೇಳಿ, ಅವನ ಎದುರಿನಲ್ಲಿಯೇ ಸಹಿ ಮಾಡಬೇಕು. ಸಾಕ್ಷಿಗಳು ಒಳಗಿನ ಬರಹವನ್ನು ಓದಬೇಕಾದುದಿಲ್ಲ. ನೋಟರಿಯ ಮೊಹರು ಈ ಇಬ್ಬರು ಸಾಕ್ಷಿಗಳ ಸ್ಥಾನವನ್ನು ತುಂಬಲಾರದು. ಪತ್ರಬರಹಗಾರನು ಕೊನೆಯಲ್ಲಿ ಹಾಕುವ ‘ಬಿಕ್ಕಲಂ’ ಸಹಿಯನ್ನೇ ಸಾಕ್ಷಿಯ ಸಹಿಯೆಂದು ನಂಬಿ ಕೂಡಬಾರದು.

ಸಾಕ್ಷಿಗಳ ವಿಷಯದಲ್ಲಿ ನಮ್ಮವರು ಮಾಡುವ ಒಂದು ತಪ್ಪೆಂದರೆ ತಮ್ಮ ವಯಸ್ಸಿನ ಗೆಳೆಯರನ್ನು ಕರೆಯುವುದು. ಉಯಿಲನ್ನು ನ್ಯಾಯಾಲಯದಲ್ಲಿ ಸ್ಥಾಪಿಸಬೇಕಾದಾಗ ಸಾಕ್ಷಿಗಳಲ್ಲಿ ಒಬ್ಬನಾದರೂ ಬದುಕಿದ್ದು ಬರುವಂತಿದ್ದರೆ ಅವನನ್ನು ವಿಚಾರಿಸಲೇಬೇಕು. ಪತ್ರವು ನೋಂದಣಿಯಾಗಿದ್ದರೂ ಈ ನಿಯಮ ತಪ್ಪದು. ಎಂಬತ್ತರ ವೃದ್ಧನಿಗೆ ಎಂಬತ್ತರ ಇಬ್ಬರು ಸಾಕ್ಷಿಗಳಿದ್ದರೆ ಇಪ್ಪತ್ತು ವರ್ಷಗಳ ಮೇಲೆ ಯಾರು ಬರುತ್ತಾರೆ? ಆದಕಾರಣ ನಲವತ್ತರ ಒಳಗಿನವರೂ ಸ್ಥಿರವಾಗಿ ಊರಿನಲ್ಲಿರುವವರೂ ಆದವರನ್ನು ಆರಿಸಬೇಕು. ಬರೆಯುವವರು ವೃದ್ಧರಾಗಿದ್ದರೆ ಒಬ್ಬ ವೈದ್ಯರು ಸಾಕ್ಷಿಯಾಗುವುದು ಲೇಸು. ಉಯಿಲಿನಿಂದ ಲಾಭ ಪಡೆಯುವವರನ್ನು ಸಾಕ್ಷಿಯನ್ನಾಗಿ ಮಾಡಬಾರದು. ಮೈಸೂರು ಸೀಮೆಯಿಂದ ಹೋದ ಒಂದು ಮೊಕದ್ದಮೆಯಲ್ಲಿ ೧೯೫೮ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪು ಇಂದಿಗೂ ಆಧಾರವಾಗಿದೆ. ಉಯಿಲು ಬರೆಸುವುದರಲ್ಲಿ ಮುಂದಾಗಿ ನಿಂತವನ ಕಡೆಗೇ ಅದರ ಲಾಭವು ಹೋದರೆ ಅದು ಸಂಶಯಾಸ್ಪದವೆಂದೂ, ಆ ಸಂಶಯವನ್ನು ಪರಿಹರಿಸುವ ಭಾರವು ಉಯಿಲನ್ನು ಮುಂದೊಡ್ಡುವವನದೇ ಎಂದೂ ಅದರಲ್ಲಿ ಹೇಳಿದೆ.

ಬರಹದಲ್ಲಿ ಪ್ರತಿಯೊಂದು ಸ್ವತ್ತಿನ ಸರ್ವೆ ನಂಬರು ಅಥವಾ ಖಾತೆಯ ಸಂಖ್ಯೆ, ಅಳತೆ, ಚಕ್ಕುಬಂದಿ ಇವು ಸ್ಪಷ್ಟವಾಗಿರಬೇಕು. ಕೊಟ್ಟವರು ತಮಗಿಂತ ಮುಂಚೆ ತೀರಿಕೊಂಡರೆ ಆ ಭಾಗವು ಯಾರಿಗೆ ಎಂಬುದನ್ನೂ ಬರೆಯಬೇಕು. ಮಗನೋ ಮಗಳೋ ಮೊದಲೇ ತೀರಿಕೊಂಡು ಅವರಿಗೆ ಸಂತತಿಯಿದ್ದರೆ ಕಾಯಿದೆಯು ಆ ದಾನವನ್ನು ಉಳಿಸುತ್ತದೆ. ಹೆಂಡತಿಗೋ ತಮ್ಮನಿಗೋ ಕೊಟ್ಟುದು ಮಾತ್ರ ಹಾಗೆ ಉಳಿಯದು. ಮೇಲೆ ಹೇಳಿದ ಮನೆಯಲ್ಲಿ ಪತ್ನಿಯ ಭಾಗವು ಬಿದ್ದುಹೋದುದು ಹೀಗೆಯೇ. ಎಲ್ಲಕ್ಕೂ ಕೊನೆಯಲ್ಲಿ ‘ಮೇಲೆ ಹೇಳದೆ ಉಳಿದ ಮತ್ತು ಮುಂದೆ ಸಂಪಾದಿಸುವ ಸಕಲ ಸ್ವತ್ತೂ ಇಂಥವರಿಗೆ’ ಎಂಬ ಒಂದು ವಾಕ್ಯವಿರಲೇಬೇಕು. ಈ ಒಂದು ವಾಕ್ಯದ ಲೋಪದಿಂದ ಅನೇಕ ಉಯಿಲುಗಳು ಅರ್ಧ ಉಯಿಲುಗಳಾಗಿವೆ. ಬರೆದುದನ್ನು ನಡೆಸಿಕೊಡಲು ನಂಬಿಗಸ್ತನಾದ ಒಬ್ಬ ನಿರ್ವಾಹಕನನ್ನು ಹೆಸರಿಸುವುದೂ, ಚಿಕ್ಕ ಮಕ್ಕಳಿದ್ದರೆ ಅವರ ಪೋಷಕರು ಯಾರೆಂಬುದನ್ನು ಹೇಳುವುದೂ ಯುಕ್ತ.

ನೋಂದಣಿಯು ಕಡ್ಡಾಯವಲ್ಲ, ಆದರೂ ಉತ್ತಮ. ೧೯೦೮ರ ನೋಂದಣಿ ಕಾಯಿದೆಯಂತೆ ಉಯಿಲನ್ನು ಯಾವಾಗ ಬೇಕಾದರೂ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸಬಹುದು. ಅಥವಾ ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಇಡಬಹುದು.

ಬದುಕಿರುವಾಗಲೇ ದಾನಪತ್ರ ಮಾಡಿ ಕೈತೊಳೆದುಕೊಳ್ಳುವವರೂ ಉಂಟು. ಉಯಿಲು ಮರಣಾನಂತರ ಫಲಿಸುವುದು, ಉಸಿರಿರುವವರೆಗೆ ಬದಲಾಯಿಸಬಹುದಾದುದು. ದಾನವಾದರೋ ಆ ಕ್ಷಣದಲ್ಲಿಯೇ ಕೈಬಿಟ್ಟುದು. ೨೦೦೭ರ ಹಿರಿಯ ನಾಗರಿಕರ ಕಾಯಿದೆಯು, ಪೋಷಣೆಯ ಷರತ್ತಿನ ಮೇಲೆ ಕೊಟ್ಟ ದಾನವನ್ನು ಆ ಷರತ್ತು ತಪ್ಪಿದಾಗ ರದ್ದುಮಾಡಿಸಲು ಅವಕಾಶ ಕೊಟ್ಟಿದೆ. ಆದರೂ ಮುಪ್ಪಿನಲ್ಲಿ ಕಚೇರಿಯ ಮೆಟ್ಟಿಲು ಹತ್ತುವ ಕಷ್ಟವು ಯಾರಿಗೆ ಬೇಕು? ಇರುವ ಮನೆಯನ್ನು ದಾನ ಮಾಡುವುದಕ್ಕಿಂತ ಉಯಿಲು ಬರೆಯುವುದೇ ಕ್ಷೇಮ.

ನಾಮನಿರ್ದೇಶನವು ಉಯಿಲಲ್ಲ

ಬ್ಯಾಂಕಿನ ಠೇವಣಿಗೆ ಯಾರ ಹೆಸರನ್ನು ಬರೆಸಿದ್ದೇವೋ ಹಣವು ಅವರದೇ ಎಂದು ಅನೇಕರು ನಂಬಿದ್ದಾರೆ. ಸಾಮಾನ್ಯವಾಗಿ ಹೇಳುವುದಾದರೆ ನಾಮನಿರ್ದೇಶಿತನು ಹಣವನ್ನು ಬ್ಯಾಂಕಿನಿಂದ ಪಡೆದು ನಿಜವಾದ ವಾರಸುದಾರರಿಗೆ ಒಪ್ಪಿಸತಕ್ಕ ನಂಬಿಗೆಯ ಮನುಷ್ಯನಷ್ಟೆ. ಜೀವವಿಮೆಯ ವಿಷಯದಲ್ಲಿ ೧೯೮೩ರಲ್ಲಿಯೂ, ಷೇರುಗಳ ವಿಷಯದಲ್ಲಿ ೨೦೨೩ರ ಡಿಸೆಂಬರ್ ೧೪ರಂದೂ ಸರ್ವೋಚ್ಚ ನ್ಯಾಯಾಲಯವು ಈ ತತ್ತ್ವವನ್ನೇ ಎತ್ತಿಹಿಡಿದಿದೆ. ಜೀವವಿಮೆಗೆ ಮಾತ್ರ ೨೦೧೫ರ ತಿದ್ದುಪಡಿಯಿಂದ ಒಂದು ವಿನಾಯಿತಿ ಬಂದಿತು. ತಾಯಿತಂದೆ, ಪತಿ ಅಥವಾ ಪತ್ನಿ, ಮಕ್ಕಳು ಇವರನ್ನು ಹೆಸರಿಸಿದ್ದರೆ ಹಣದ ಮೇಲೆ ಅವರಿಗೇ ಹಕ್ಕು. ೨೦೨೫ರ ನವೆಂಬರ್ ೧ರಿಂದ ಬ್ಯಾಂಕಿನ ಠೇವಣಿಗೆ ನಾಲ್ವರವರೆಗೆ ಹೆಸರಿಸಿ ಇಂತಿಷ್ಟು ಪಾಲೆಂದು ಬರೆಯಬಹುದು, ಅಥವಾ ಒಬ್ಬರಿಲ್ಲದಿದ್ದರೆ ಮತ್ತೊಬ್ಬರೆಂದು ಕ್ರಮವಾಗಿ ಬರೆಯಬಹುದು. ಲಾಕರಿಗೆ ಈ ಎರಡನೆಯ ಕ್ರಮವೊಂದೇ. ಭವಿಷ್ಯನಿಧಿಯಲ್ಲಿ, ಸಂಸಾರವಿಲ್ಲದಾಗ ಹೊರಗಿನವರ ಹೆಸರಿಗೆ ಮಾಡಿದ ನಾಮನಿರ್ದೇಶನವು ಮದುವೆಯಾಗಿ ಸಂಸಾರವಾದೊಡನೆ ಬಿದ್ದುಹೋಗುತ್ತದೆ, ಹೊಸದನ್ನು ಬರೆಸಬೇಕು.

ಆದಕಾರಣ ಉಯಿಲಿನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಮತ್ತೊಂದು ಹೆಸರು ಇರದಂತೆ ಎರಡನ್ನೂ ಹೊಂದಿಸುವುದು ಜಾಣತನ. ಖಾತೆ, ಪಹಣಿಗಳ ವಿಷಯವೂ ಇಂಥದೇ. ಯಜಮಾನನ ಮರಣಾನಂತರ ಪೌತಿ ಖಾತೆಯು ಒಬ್ಬ ಮಗನ ಹೆಸರಿಗಾದ ಮಾತ್ರದಿಂದ ಜಮೀನು ಅವನೊಬ್ಬನದಾಗುವುದಿಲ್ಲ.

ಯಾವಾಗ ಓದಬೇಕು, ಹೇಗೆ ತಿದ್ದಬೇಕು

ಮನೆಯಲ್ಲಿ ಮದುವೆ, ಜನನ, ಮರಣ, ದತ್ತಕ, ವಿಚ್ಛೇದನ ಇವುಗಳಲ್ಲಿ ಯಾವುದಾದರೂ ನಡೆದಾಗ; ಸ್ವತ್ತನ್ನು ಕೊಂಡಾಗ, ಮಾರಿದಾಗ, ಅಡವಿಟ್ಟಾಗ; ಸಾಕ್ಷಿಯೋ ನಿರ್ವಾಹಕನೋ ತೀರಿಕೊಂಡಾಗ ಅಥವಾ ಪರದೇಶಕ್ಕೆ ಹೋಗಿ ನೆಲಸಿದಾಗ; ಕಾಯಿದೆಯು ಬದಲಾದಾಗ ಉಯಿಲನ್ನು ತೆರೆಯಬೇಕು. ಇವಾವುವೂ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಓದಬೇಕು. ಇದಕ್ಕೆ ಯುಗಾದಿಯ ಕಾಲವೇ ಪ್ರಶಸ್ತವೆಂದು ನನ್ನ ಅಭಿಪ್ರಾಯ. ಹಬ್ಬದ ದಿನ ಇಂತಹ ಪತ್ರವನ್ನು ಮುಟ್ಟಬಾರದೆನ್ನುವವರು ಹಬ್ಬ ಕಳೆದ ವಾರದಲ್ಲಿ ಓದಲಿ. ಓದುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು: ಇದರಲ್ಲಿ ಹೆಸರಿಸಿದವರೆಲ್ಲರೂ ಇದ್ದಾರೆಯೆ? ಇದರಲ್ಲಿ ಹೇಳಿದ ಸ್ವತ್ತುಗಳೆಲ್ಲವೂ ನನ್ನಲ್ಲಿವೆಯೆ? ಇಂದು ನನ್ನನ್ನು ನಂಬಿರುವವರೆಲ್ಲರೂ ಇದರೊಳಗಿದ್ದಾರೆಯೆ? ಮೇಲೆ ಹೇಳಿದ ಹಿರಿಯರ ಪತ್ರಕ್ಕೆ ಈ ಮೂರು ಪ್ರಶ್ನೆಗಳಿಗೂ ‘ಇಲ್ಲ’ವೆಂಬುದೇ ಉತ್ತರವಾಗಿತ್ತು.

ತಿದ್ದಬೇಕಾದರೆ ಹಳೆಯ ಪತ್ರದ ಮೇಲೆಯೇ ಲೇಖನಿಯಿಂದ ಹೊಡೆದುಹಾಕಿ ಪಕ್ಕದಲ್ಲಿ ಬ��ೆಯಕೂಡದು. ಹಾಗೆ ಮಾಡಿದ ತಿದ್ದುಪಡಿಯು, ಉಯಿಲಿನಂತೆಯೇ ಸಹಿ ಸಾಕ್ಷಿಗಳೊಡನೆ ಆಗಿದ್ದ ಹೊರತು, ನಿಲ್ಲುವುದಿಲ್ಲ. ಸಂಶಯಕ್ಕೆ ಮಾತ್ರ ಎಡೆಯಾಗುತ್ತದೆ. ಚಿಕ್ಕ ಬದಲಾವಣೆಗೆ ಒಂದು ಪೂರಕ ಉಯಿಲನ್ನು, ಅದೇ ವಿಧಿಯಿಂದ, ಇಬ್ಬರು ಸಾಕ್ಷಿಗಳೊಡನೆ ಬರೆಯಬಹುದು. ಬದಲಾವಣೆಗಳು ಎರಡು ಮೂರಾದರೆ ಹೊಸ ಉಯಿಲನ್ನೇ ಬರೆದು, ‘ಇದಕ್ಕೆ ಹಿಂದೆ ಬರೆದ ಎಲ್ಲ ಉಯಿಲುಗಳನ್ನೂ ರದ್ದುಪಡಿಸಿದ್ದೇನೆ’ ಎಂದು ಮೊದಲಲ್ಲಿಯೇ ಹೇಳಿ, ದಿನಾಂಕವನ್ನು ಹಾಕಬೇಕು. ಕೊನೆಯದೇ ಊರ್ಜಿತ. ಹಿಂದಿನದು ನೋಂದಣಿಯಾಗಿದ್ದರೂ ವಿಧಿಪ್ರಕಾರವಾದ ಹೊಸದು ಅದನ್ನು ಮೀರುತ್ತದೆ. ಆದರೂ ಹಿಂದಿನದನ್ನು ನೋಂದಾಯಿಸಿದ್ದರೆ ಹೊಸದನ್ನೂ ನೋಂದಾಯಿಸುವುದು ವಿವಾದಕ್ಕೆ ದಾರಿ ಮುಚ್ಚುವ ಉಪಾಯ.

ಎಲ್ಲಿ ಇಡಬೇಕು, ಯಾರಿಗೆ ಹೇಳಬೇಕು

ಉಯಿಲು ಇರುವ ಸ್ಥಳವು ಮನೆಯ ಇಬ್ಬರಿಗಾದರೂ ತಿಳಿದಿರಬೇಕು. ಅದರ ಜೊತೆಯಲ್ಲಿ ಒಂದು ಪಟ್ಟಿಯನ್ನು ಇಡಬೇಕು: ಯಾವ ಬ್ಯಾಂಕಿನಲ್ಲಿ ಯಾವ ಖಾತೆ, ಲಾಕರಿನ ಬೀಗದ ಕೈ ಎಲ್ಲಿದೆ, ವಿಮೆಯ ಪತ್ರಗಳೆಲ್ಲಿ, ಕ್ರಯಪತ್ರ ಮತ್ತು ಋಣಭಾರ ಪತ್ರಗಳೆಲ್ಲಿ, ಷೇರುಗಳಿರುವ ಡಿಮ್ಯಾಟ್ ಖಾತೆಯ ವಿವರವೇನು, ಯಾರಿಗೆ ಸಾಲ ಕೊಟ್ಟಿದೆ, ಯಾರಿಂದ ತಂದಿದೆ. ಸಾಲದ ವಿಷಯವನ್ನು ಮರೆಮಾಚಬಾರದು; ಹಂಚಿಕೆಗೆ ಮುಂಚೆ ಸಾಲವು ತೀರಬೇಕು. ಪಟ್ಟಿಯು ಉಯಿಲಿನ ಭಾಗವಲ್ಲವಾದುದರಿಂದ ಸಾಕ್ಷಿಗಳಿಲ್ಲದೆ ಎಷ್ಟು ಬಾರಿ ಬೇಕಾದರೂ ಬರೆಯಬಹುದು.

ಒಳಗಿನ ಹಂಚಿಕೆಯನ್ನು ಬದುಕಿರುವಾಗಲೇ ಹೇಳಬೇಕೆ ಬೇಡವೆ ಎಂಬುದು ಆಯಾ ಮನೆಯ ಸ್ವಭಾವವನ್ನು ನೋಡಿ ನಿರ್ಧರಿಸತಕ್ಕ ಮಾತು. ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಮೆ ಬರೆದಿದ್ದರೆ ಅದರ ಕಾರಣವನ್ನು ಉಯಿಲಿನಲ್ಲಿಯೇ ಎರಡು ಸಾಲಿನಲ್ಲಿ ಸೌಮ್ಯವಾಗಿ ಬರೆಯುವುದು ಒಳ್ಳೆಯದು. ಕಾರಣವನ್ನು ತಿಳಿದ ಮಕ್ಕಳು ಕಡಮೆ ಭಾಗವನ್ನೂ ಸಹಿಸಬಲ್ಲರು.

ಈ ಲೇಖನವನ್ನು ಓದಿದ ಮಾತ್ರದಿಂದ ವಕೀಲರ ಅಗತ್ಯವು ತಪ್ಪಿತೆಂದು ಯಾರೂ ಭಾವಿಸಬಾರದು. ಅವಿಭಕ್ತ ಕುಟುಂಬದ ಆಸ್ತಿ, ಅಳಿಯಸಂತಾನದ ಕುಟುಂಬಗಳ ಆಸ್ತಿ, ಎರಡು ಮದುವೆಗಳ ಸಂತತಿ, ಪರದೇಶದಲ್ಲಿರುವ ಮಕ್ಕಳು ಇಂತಹ ಪ್ರಸಂಗಗಳಲ್ಲಿ ಬಲ್ಲವರ ಸಲಹೆಯನ್ನು ಪಡೆದೇ ಬರೆಯಬೇಕು. ಆದರೆ ವಕೀಲರು ಬರೆದುಕೊಡಬಲ್ಲರೇ ಹೊರತು, ಮನೆಯಲ್ಲಿ ಏನು ಬದಲಾಯಿತೆಂದು ವರ್ಷವರ್ಷವೂ ಬಂದು ವಿಚಾರಿಸಲಾರರು. ಆ ಕೆಲಸವು ಯಜಮಾನನದು, ಯಜಮಾನಿಯದು. ಆಸ್ತಿಯು ಹೆಚ್ಚಿರಲಿ ಕಡಮೆಯಿರಲಿ, ನಮ್ಮ ಹಿಂದೆ ಉಳಿಯುವವರು ಅದಕ್ಕಾಗಿ ಒಬ್ಬರ ಮುಖವನ್ನೊಬ್ಬರು ನೋಡದಂತಾಗಬಾರದು. ಬರೆಯದೆ ಇರುವವರು ಈ ತಿಂಗಳಿನಲ್ಲಿ ಬರೆಯಲಿ. ಬರೆದಿರುವವರು ಈ ವಾರದಲ್ಲಿ ತೆಗೆದು ಓದಲಿ. ವಾಚಕರಲ್ಲಿ ನನ್ನ ವಿಜ್ಞಾಪನೆಯು ಇಷ್ಟೆ.